ವೇದಿಕೆ ಇಲ್ಲದ ಒಂದು ದಿನ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಚಿತ್ರದುರ್ಗದ ಮತದಾರನ ನಮಸ್ಕಾರಗಳು.

ಈ ವರ್ಷದ ಗುಡ್ ಫ್ರೈಡೇ ದಿನ ಚರ್ಚಿನ ಗೇಟಿಗೆ ಎದುರಾಗಿ ಹತ್ತಡಿ ಎತ್ತರದ ಫ್ಲೆಕ್ಸ್ ನಿಂತಿತ್ತು. ‘ಸಮಸ್ತ ಕ್ರೈಸ್ತ ಬಾಂಧವರಿಗೆ ಗುಡ್ ಫ್ರೈಡೇ ಹಬ್ಬದ ಹಾರ್ದಿಕ ಶುಭಾಶಯಗಳು.’ ನಟ್ಟನಡುವೆ ಕೈಮುಗಿದು ನಗುತ್ತಿರುವ ತಾವು. ಕೆಳಗೆ ಎರಡು ಸಾಲು ಮುಖಂಡರು, ಮರಿ ಮುಖಂಡರು. ಎಡ ಮೂಲೆಯಲ್ಲಿ, ಎಲ್ಲರ ಮುಖ ಹಿಡಿಸಿ ಉಳಿದ ಜಾಗದಲ್ಲಿ, ಒಂದು ಶಿಲುಬೆ.

ಅಂದು ಶುಭಾಶಯ ಹೇಳುವ ದಿನವಲ್ಲ ಸ್ವಾಮಿ. ಯೇಸುವನ್ನು ಮೊಳೆ ಹೊಡೆದು ಕೊಂದ ದಿನ. ಹಿಂದಿನ ಸಂಜೆಯಿಂದಲೇ ಗಂಟೆ ನಿಲ್ಲುತ್ತದೆ, ಈಸ್ಟರ್ ಜಾಗರಣೆಯ ತನಕ ಬಾರಿಸುವಂತಿಲ್ಲ. ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಮೇಣದಬತ್ತಿಯಿಲ್ಲ, ಶಿಲುಬೆಯೂ ಇಲ್ಲ. ಕಥೋಲಿಕ ಕ್ರಮದಲ್ಲಿ ಅಂದು ಬಲಿಪೂಜೆಯೇ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಇಲ್ಲ; ಆರಾಧನೆ ಶುರುವಾಗುವುದು ಗುರುಗಳು, ಅಂದರೆ ಪಾದ್ರಿಗಳು, ಬರಿನೆಲದ ಮೇಲೆ ಬೋರಲು ಮಲಗುವುದರಿಂದ. ಹಾಡಿಲ್ಲ, ಸ್ವಾಗತವಿಲ್ಲ, ಮಾತಿಲ್ಲ. ಒಳಗೆ ಗುರುಗಳು ನೆಲಕ್ಕೆ ಮುಖವಿಟ್ಟಿದ್ದ ಹೊತ್ತಿನಲ್ಲಿ ಹೊರಗೆ ತಾವು ಹತ್ತಡಿ ಎತ್ತರಕ್ಕೆ ನಿಂತು ನಗುತ್ತಿದ್ದಿರಿ.

ಅಭಿಮಾನಿಗಳು ಹಾಕಿಸಿದ್ದು, ಸಾಹೇಬರಿಗೆ ಗೊತ್ತೇ ಇಲ್ಲ ಎಂದು ನಿಮ್ಮ ಕಡೆಯವರು ಹೇಳಿದರು. ಇರಬಹುದು. ಆದರೆ ಯುಗಾದಿಗೂ ನೀವೇ, ರಂಜಾನಿಗೂ ನೀವೇ, ಗಣೇಶನ ಮೆರವಣಿಗೆಗೂ ನೀವೇ, ಯಾರದೋ ಶ್ರದ್ಧಾಂಜಲಿಗೂ ಅದೇ ನಗು. ಗಾಂಧಿ ವೃತ್ತ ದಾಟಿ ಓಡಾಡುವ ಮನುಷ್ಯ ತನ್ನ ಮುಖವನ್ನೇ ಇಷ್ಟು ವರ್ಷ ನೋಡದೆ ಇರುವುದಕ್ಕೂ ಒಂದು ಸಾಧನೆ ಬೇಕು.

ನಿಯಮಗಳು ನಿಮಗೆ ಗೊತ್ತು. ಸಾರ್ವಜನಿಕ ಜಾಗದ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ಗೊತ್ತು. 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ಸರ್ಕಾರವೇ ನಿಷೇಧಿಸಿದ್ದು ಗೊತ್ತು. ಸರ್ಕಾರಿ ದುಡ್ಡಿನ ಜಾಹೀರಾತಿನಲ್ಲಿ ಯಾರ ಚಿತ್ರ ಇರಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು: ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ. ಮರುವರ್ಷ ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಗಳು ಸೇರಿಕೊಂಡರು. ಶಾಸಕರು ಆಗಲೂ ಇರಲಿಲ್ಲ, ಆಮೇಲೂ ಸೇರಲಿಲ್ಲ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂತು. ಶಾಸನ ಮಾಡುವವರ ಮುಂದೆ ಶಾಸನ ಓದುವ ಉದ್ಧಟತನ ಇಷ್ಟಕ್ಕೇ ಸಾಕು.

ನಾವು ಕೇಳುವುದು ಒಂದೇ. ವೇದಿಕೆ ಇಲ್ಲದ, ಹಾರ ಇಲ್ಲದ, ನಿಮ್ಮ ಚಿತ್ರ ಇಲ್ಲದ ಒಂದು ದಿನ. ಅಂದು ತಾವು ಜನರ ಮಟ್ಟದಲ್ಲಿ ಕೂತು, ಏನು ಆಗಿಲ್ಲ ಎಂಬುದನ್ನು ಸ್ವಂತ ಬಾಯಿಂದ ಓದಬೇಕು. ಮೊದಲು ಇಲ್ಲಿ, ಆಮೇಲೆ ದೇಶಕ್ಕೂ ಇಂಥದೊಂದು ದಿನ ಬೇಕೆಂದು ವಿಧಾನಸಭೆಯಲ್ಲಿ ಖಾಸಗಿ ನಿರ್ಣಯವಾಗಿ ಮಂಡಿಸಬೇಕು.

ಇದು ವಿದೇಶಿ ಯೋಚನೆ ಎನ್ನುವವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿಬರಲಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಬಂಡೆ ಶಾಸನ ಅಲ್ಲಿದೆ; ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಇದೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಸುತ್ತೋಲೆ ಅದು, ಸರ್ಕಾರಿ ಕಾಗದವೇ. ಅದರಲ್ಲಿ ಚಕ್ರವರ್ತಿ ಹೇಳುತ್ತಾನೆ: (ಬುದ್ಧನ) ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ನಾನು ಹೆಚ್ಚೇನೂ ಶ್ರಮಪಡಲಿಲ್ಲ. ಪ್ರಜೆಗಳು ಓದಲೆಂದು ಕೆತ್ತಿಸಿದ ಕಲ್ಲಿನಲ್ಲಿ ಅರಸ ತನ್ನ ಆಲಸ್ಯ ಒಪ್ಪಿಕೊಂಡಿದ್ದಾನೆ! ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಇದನ್ನು ಸಾಧಿಸಬಹುದು ಎಂದೂ ಇದೆ. ಅಶೋಕ ಎಂಬ ಹೆಸರು ಆ ಬಂಡೆಯಲ್ಲಿ ಎಲ್ಲೂ ಇಲ್ಲ; ಆ ಹೆಸರು ಬಿರುದಿನ ಜೊತೆಗೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ. ಬ್ರಹ್ಮಗಿರಿಯಲ್ಲಿರುವುದು ದೇವಾನಾಂಪಿಯ ಎಂಬ ಬಿರುದು ಮಾತ್ರ. ದೇವರಿಗೇ ಪ್ರಿಯನಾದವನು ಎಂದು ಕರೆದುಕೊಂಡಿದ್ದು ಭಾರೀ ವಿನಯವೇನಲ್ಲ, ಒಪ್ಪೋಣ. ಆದರೂ ಕೊನೆಯಲ್ಲಿ ಹೆಸರು ಹಾಕಿಕೊಂಡಿರುವವನು ಅದನ್ನು ಬರೆದ ಲಿಪಿಕಾರ ಚಪಡ.

ಇನ್ನು ನಮ್ಮ ಶಂಕುಸ್ಥಾಪನೆಯ ಕಲ್ಲುಗಳು. ಕರಿ ಗ್ರಾನೈಟ್, ಬಂಗಾರದ ಬಣ್ಣ. ಉದ್ಘಾಟಕರು, ಘನ ಅಧ್ಯಕ್ಷತೆ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಎಲ್ಲಾ ಸೇರಿ ಮೂವತ್ತು ಹೆಸರು. ಕಾಮಗಾರಿಯ ಮೊತ್ತ ಇಲ್ಲ, ಮುಗಿಸಬೇಕಾದ ದಿನಾಂಕ ಇಲ್ಲ, ದುರಸ್ತಿ ಹೊಣೆ ಎಷ್ಟು ವರ್ಷ ಯಾರದು ಎಂಬುದು ಇಲ್ಲ. ಕಲ್ಲು ಕೆತ್ತಿದವನ ಹೆಸರನ್ನಂತೂ ಕೇಳಲೇಬೇಡಿ. ಎಷ್ಟೋ ಕಡೆ ಕಲ್ಲು ಇದೆ, ಕಟ್ಟಡ ಇಲ್ಲ.

ಬೈಬಲಿನಲ್ಲಿ ಇದಕ್ಕೆ ನೇರವಾದ ಪ್ರಸಂಗವಿದೆ, ದಾನಿಯೇಲನ ಗ್ರಂಥ, 4ನೇ ಅಧ್ಯಾಯ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಅರಮನೆಯ ಮಾಳಿಗೆಯ ಮೇಲೆ ಓಡಾಡುತ್ತಾ, ನನ್ನ ಶಕ್ತಿಯಿಂದ ನನ್ನ ವೈಭವಕ್ಕೆ ನಾನೇ ಕಟ್ಟಿದ ಮಹಾನಗರವಲ್ಲವೇ ಇದು ಎನ್ನುತ್ತಾನೆ. ಮಾತು ಬಾಯಲ್ಲಿರುವಾಗಲೇ ರಾಜ್ಯ ಕೈಬಿಟ್ಟು ಹೋಗುತ್ತದೆ, ಅರಸ ಎತ್ತಿನಂತೆ ಹುಲ್ಲು ಮೇಯುತ್ತಾನೆ. ಜನ ಮರೆಯುವ ಭಾಗ ಇದಕ್ಕೆ ಮೊದಲಿನದು. ದಾನಿಯೇಲ ಮೊದಲೇ ಎಚ್ಚರಿಸಿದ್ದ, ಎಚ್ಚರಿಸಿ ಹನ್ನೆರಡು ತಿಂಗಳಾಗಿತ್ತು. ಅವನು ಕೊಟ್ಟ ಪರಿಹಾರವೂ ಹೋಮ ಹವನ ಉಪವಾಸ ಯಾವುದೂ ಅಲ್ಲ: ನ್ಯಾಯವಾಗಿ ನಡೆ, ಬಡವರಿಗೆ ಕರುಣೆ ತೋರು. ಅಷ್ಟೇ. ಈ ಅರಸನ ಗೀಳು ಬರಿ ಗ್ರಂಥದ ಮಾತೂ ಅಲ್ಲ. ಬಾಬಿಲೋನಿನ ಅವಶೇಷಗಳಲ್ಲಿ ಅವನ ಹೆಸರು, ಬಿರುದು, ಅಪ್ಪನ ಹೆಸರು ಒತ್ತಿದ ಇಟ್ಟಿಗೆಗಳು ಸಾವಿರಗಟ್ಟಲೆ ಸಿಕ್ಕಿವೆ. 1980ರ ದಶಕದಲ್ಲಿ ಸದ್ದಾಂ ಹುಸೇನ್ ಅದೇ ಜಾಗದಲ್ಲಿ ಗೋಡೆ ಎಬ್ಬಿಸಿ ಇಟ್ಟಿಗೆಗಳ ಮೇಲೆ ತನ್ನ ಹೆಸರು ಒತ್ತಿಸಿದ. ಇಬ್ಬರ ಇಟ್ಟಿಗೆಗಳನ್ನೂ ಈಗ ಪ್ರವಾಸಿಗರು ನೋಡಿ ಬರುತ್ತಾರೆ.

ಅರಸ ಹೇಗಿರಬೇಕು ಎಂದು ಬೈಬಲಿನದೇ ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಪಟ್ಟಿಯನ್ನೇ ಕೊಡುತ್ತದೆ. ಕುದುರೆ ಹೆಚ್ಚಿಸಿಕೊಳ್ಳಬಾರದು (ಇವತ್ತಿನ ಲೆಕ್ಕದಲ್ಲಿ ಬೆಂಗಾವಲು ಕಾರು ಎನ್ನಿ), ಬೆಳ್ಳಿ ಬಂಗಾರ ಗುಡ್ಡೆ ಹಾಕಬಾರದು. ಸಿಂಹಾಸನ ಏರಿದ ಮೇಲೆ ಧರ್ಮಶಾಸ್ತ್ರದ ಪ್ರತಿ ಬರೆದಿಟ್ಟುಕೊಂಡು ಬದುಕಿರುವ ತನಕ ದಿನಾ ಓದಬೇಕು. ಕಾರಣವನ್ನೂ ಅಲ್ಲೇ ಹೇಳಿದೆ: ತನ್ನ ಸಹೋದರರಿಗಿಂತ ತಾನು ಮೇಲು ಎಂಬ ಭಾವ ಅವನ ಮನಸ್ಸಿಗೆ ಬರಬಾರದು.

ನೀರಿನ ವಿಷಯಕ್ಕೆ ಬರೋಣ, ನಮ್ಮ ಜಿಲ್ಲೆಯಲ್ಲಿ ಗರ್ವ ಹೆಚ್ಚು ಉಕ್ಕುವುದು ಅಲ್ಲೇ. ವಾಣಿ ವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ಸುರಿಸಿದ್ದು ಮೋಡ. ಬಾಗಿನದ ಹೊತ್ತಿಗೆ ‘ಆಧುನಿಕ ಭಗೀರಥ’ರು ಮಾತ್ರ ಪಕ್ಷಕ್ಕೊಬ್ಬರಂತೆ ಹುಟ್ಟಿಕೊಂಡರು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಆಗ ಒಬ್ಬ ಭಗೀರಥನೂ ಆ ಬರ ನನ್ನದು ಎನ್ನಲಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಎಂದು 2023ರ ಕೇಂದ್ರ ಬಜೆಟ್ ಘೋಷಿಸಿತು; ಕಾಲುವೆಗೆ ನೀರು ಬರುವ ಮೊದಲೇ ಅಭಿನಂದನೆಯ ಫ್ಲೆಕ್ಸ್ ಬಂತು, ಆಮೇಲೆ ಹಣ ಯಾಕೆ ಬರಲಿಲ್ಲ ಎಂದು ಪರಸ್ಪರ ಬೈಯುವ ಫ್ಲೆಕ್ಸ್ ಬಂತು. ಹೊಟ್ಟೆ ತುಂಬಿದಾಗ ‘ಇದೆಲ್ಲ ನನ್ನ ಕೈಯ ಬಲ’ ಎಂದುಕೊಳ್ಳಬೇಡ ಎಂಬ ಎಚ್ಚರಿಕೆ ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿದೆ. ನಾವು ಹೊಟ್ಟೆ ತುಂಬುವ ಮೊದಲೇ ಅಂದುಕೊಳ್ಳುತ್ತೇವೆ.

ದೇಶವೊಂದು ತಲೆ ತಗ್ಗಿಸಿದ್ದಕ್ಕೆ ಚರಿತ್ರೆಯಲ್ಲಿ ದಾಖಲೆ ಇದೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, ಸೆನೆಟ್ ಕೇಳಿಕೊಂಡಿತೆಂದು, ಲಿಂಕನ್ 1863ರ ಮಾರ್ಚ್ 30ರಂದು ಘೋಷಣೆ ಹೊರಡಿಸಿ ಏಪ್ರಿಲ್ 30ನ್ನು ಉಪವಾಸ, ಪ್ರಾರ್ಥನೆ, ದೈನ್ಯದ ದಿನವೆಂದು ಗೊತ್ತುಮಾಡಿದರು. ಸಂಖ್ಯೆಯಲ್ಲಿ, ಸಂಪತ್ತಿನಲ್ಲಿ, ಬಲದಲ್ಲಿ ಬೆಳೆದೆವು, ದೇವರನ್ನು ಮರೆತೆವು, ಇದೆಲ್ಲ ನಮ್ಮ ಜಾಣತನ ಮತ್ತು ಸದ್ಗುಣದ ಫಲ ಎಂದು ಭ್ರಮಿಸಿದೆವು ಎಂಬುದು ಅದರ ತಿರುಳು. ಬರೆದಿದ್ದು ‘ನಾವು’ ಎಂದು. ಎದುರು ಪಾಳೆಯದ ಪಾಪಗಳ ಪಟ್ಟಿಯಲ್ಲ. ಎದುರು ಪಾಳೆಯದ ದಕ್ಷಿಣದವರೂ ಅದೇ ವರ್ಷ ಮಾರ್ಚ್ 27ರಂದು ಉಪವಾಸ ಮಾಡಿದ್ದರು, ಗುಲಾಮರನ್ನು ಬಿಡದೆ! ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಬೈಯುವುದು ಇಂಥ ಉಪವಾಸವನ್ನೇ: ಹೊಟ್ಟೆ ಖಾಲಿ, ಆಳುಗಳ ಮೇಲಿನ ನೊಗ ಹಾಗೇ.

ಇನ್ನೊಂದು ರೀತಿಯಲ್ಲೂ ಕೆಡುತ್ತದೆ. 1945ರ ಅಕ್ಟೋಬರ್‌ನಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚಿನ ಮುಖಂಡರು ಸ್ಟುಟ್‌ಗಾರ್ಟ್‌ನಲ್ಲಿ ತಪ್ಪೊಪ್ಪಿಗೆ ಬರೆದರು. ಹಿಟ್ಲರನ ಕಾಲದಲ್ಲಿ ಇನ್ನಷ್ಟು ಧೈರ್ಯವಾಗಿ ಸಾಕ್ಷಿ ಹೇಳಲಿಲ್ಲ ಎಂದು ತಮ್ಮನ್ನೇ ದೂಷಿಸಿಕೊಂಡರು. ಸೋತ ದೇಶದಲ್ಲಿ ಅಷ್ಟು ಹೇಳುವುದಕ್ಕೂ ಗುಂಡಿಗೆ ಬೇಕಿತ್ತು, ಸ್ವಂತ ಜನರಿಂದಲೇ ಬೈಸಿಕೊಂಡರು. ಆದರೆ ಆ ಕಾಗದದಲ್ಲಿ ಯೆಹೂದ್ಯರ ಹೆಸರೇ ಇಲ್ಲ, ಆ ಟೀಕೆ ಇವತ್ತಿಗೂ ತಪ್ಪಿಲ್ಲ. ಯಾರಿಗೆ ಅನ್ಯಾಯವಾಯಿತೆಂದು ಹೆಸರು ಹೇಳದ ಕ್ಷಮೆ ಅರ್ಧ ಕ್ಷಮೆ. ನೀವು ‘ಕೆಲವು ಕೊರತೆಗಳಿರಬಹುದು’ ಎಂದರೆ ನಾವು ಒಪ್ಪುವುದಿಲ್ಲ. ಯಾವ ವಾರ್ಡು, ಯಾವ ನಲ್ಲಿ, ಎಷ್ಟು ದಿನಕ್ಕೊಮ್ಮೆ ನೀರು, ಅದನ್ನು ಹೇಳಿ.

ದಿನ ಹೇಗೆ ನಡೆಸುವುದು ಎಂಬುದಕ್ಕೆ ಬೈಬಲಿನ ನೆಹೆಮೀಯನ ಗ್ರಂಥದ 9ನೇ ಅಧ್ಯಾಯವೇ ಸಾಕು. ಜನ ಗೋಣಿತಟ್ಟು ಕಟ್ಟಿಕೊಂಡು, ತಲೆಗೆ ಮಣ್ಣು ಹಾಕಿಕೊಂಡು ಸೇರಿದರು. ಹಗಲಿನ ಕಾಲು ಭಾಗ ಶಾಸ್ತ್ರ ಓದಿದರು, ಇನ್ನೊಂದು ಕಾಲು ಭಾಗ ತಪ್ಪು ಅರಿಕೆ ಮಾಡಿಕೊಂಡರು. ಅಂದರೆ ಮೂರು ಗಂಟೆ, ಮೂರು ಗಂಟೆ. ನಿಮಗೆ ಗೋಣಿ ಬೇಡ, ಖಾದಿ ಸಾಕು. ಶಾಸ್ತ್ರದ ಜಾಗದಲ್ಲಿ ಕಾಮಗಾರಿ ಪಟ್ಟಿ, ಲೆಕ್ಕಪರಿಶೋಧನೆಯ ಆಕ್ಷೇಪಗಳು, ಕಳೆದ ಪ್ರಣಾಳಿಕೆ. ಮೂರು ಗಂಟೆ ಅದನ್ನು ನೀವೇ ಓದಿ, ಆಪ್ತ ಸಹಾಯಕರಿಂದ ಓದಿಸಬೇಡಿ. ಆಮೇಲಿನ ಮೂರು ಗಂಟೆ ಆಗದ್ದಕ್ಕೆ ಕಾರಣ, ನಿಮ್ಮ ಪಾಲಿನದು ಮಾತ್ರ. ಹಿಂದಿನ ಸರ್ಕಾರ ಎಂಬ ಮಾತು ಬಂದರೆ ಆ ಸಾಲು ಲೆಕ್ಕಕ್ಕಿಲ್ಲ.

ಬಾಯಿಮಾತಿಗೆ ಮುಗಿಯುವುದೂ ಇಲ್ಲ. ಬೈಬಲಿನ (ರಾಮಾಯಣದ್ದಲ್ಲ) ಅರಣ್ಯಕಾಂಡದ 5ನೇ ಅಧ್ಯಾಯದಂತೆ ತಪ್ಪು ಒಪ್ಪಿಕೊಂಡವನು ಅಸಲನ್ನು ಪೂರ್ತಿ ಕೊಟ್ಟು ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ಮೊದಲ ಕಂತಾಗಿ ಊರಿನ ಫ್ಲೆಕ್ಸ್‌ಗಳನ್ನು ಇಳಿಸುವ ಖರ್ಚು ಕೊಡಿ, ಶೇಕಡಾ 20 ಸೇರಿಸಿ. ಪೌರಕಾರ್ಮಿಕರು ಕಂಬ ಹತ್ತಿ ಬೈಂಡಿಂಗ್ ವೈರ್ ಕತ್ತರಿಸುವ ಕೆಲಸ ಸಣ್ಣದಲ್ಲ. ಕಬ್ಬಿಣದ ಚೌಕಟ್ಟು ಲೈನಿಗೆ ತಗುಲಿದರೆ ಏನಾಗುತ್ತದೆಂದು ಗದಗ ಜಿಲ್ಲೆಯ ಸೂರಣಗಿ 2024ರ ಜನವರಿಯಲ್ಲಿ ಕಂಡಿದೆ. ನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಸತ್ತರು.

ಇಳಿಸಿದ್ದನ್ನು ಸುಡಬೇಡಿ. ನಮ್ಮಲ್ಲಿ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ‘ಹೊಸಾನ್ನ’ ಎಂದು ಜೈಕಾರ ಕೂಗಿ ಬೀಸಿದ ಗರಿಗಳನ್ನು ವರ್ಷವಿಡೀ ಇಟ್ಟುಕೊಂಡು, ಮುಂದಿನ ತಪಸ್ಸು ಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಹೊಸ್ತಿಲಲ್ಲಿ ಸುಟ್ಟು, ಬೂದಿ ಜರಡಿ ಹಿಡಿದು, ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುವೆ ಎನ್ನುತ್ತಾರೆ. ಜೈಕಾರವೇ ಬೂದಿಯಾಗುವ ಆ ಸೌಲಭ್ಯ ಫ್ಲೆಕ್ಸಿಗೆ ಇಲ್ಲ. ಅದು ಪಾಲಿಯೆಸ್ಟರ್ ಮೇಲೆ ಬಳಿದ ಪಿವಿಸಿ, ಪಿವಿಸಿ ರಾಳದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಕಣ್ಣು ಗಂಟಲು ಉರಿಸುತ್ತದೆ, ಬಯಲಲ್ಲಿ ಅರೆಬರೆ ಉರಿದರೆ ಡಯಾಕ್ಸಿನ್ ಕೂಡ. ಹೂತರೆ ಕೊಳೆಯುವುದಿಲ್ಲ.

ಚರ್ಚಿನವರು ದೊಡ್ಡ ವಿನಯವಂತರೇನು ಎಂದು ಕೇಳುವಿರಿ. ಇಲ್ಲ. ದಾನಿಗಳ ಹೆಸರು ಬೆಂಚಿನ ಮೇಲಿದೆ, ಫ್ಯಾನಿನ ರೆಕ್ಕೆಯ ಮೇಲೂ ಇದೆ; ಕರೆಂಟ್ ಹೋದಾಗ ಎಲ್ಲರೂ ಓದಬಹುದು. ಅದನ್ನೂ ಅಳಿಸಬೇಕು, ಆ ಜಗಳ ನಮ್ಮೊಳಗೆ ನಡೆದಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ನಾವು ಶೇಕಡಾ 1.87. ಈ ಪತ್ರದಿಂದ ನಿಮ್ಮ ಮತಪೆಟ್ಟಿಗೆ ಅಲುಗುವುದಿಲ್ಲ, ನಿಶ್ಚಿಂತೆಯಿಂದ ಓದಿ. ಶಿಲುಬೆ ಹಿಡಿಯಿರಿ ಎನ್ನುತ್ತಿಲ್ಲ, ಪ್ರಾರ್ಥನೆಗೂ ಕರೆಯುತ್ತಿಲ್ಲ. ಒಂದು ದಿನ ಕೊಡಿ ಎನ್ನುತ್ತಿದ್ದೇವೆ.

ಜನವರಿ 30 ಆಗಬಹುದು. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ ಹೇಗೂ ಇದೆ, ಅಲ್ಲಿಂದ ಶುರುಮಾಡಿ ಸಂಜೆ 5ಕ್ಕೆ ಮುಗಿಸಿ. ಶಾಮಿಯಾನ ಬೇಡ, ಸರ್ಕಾರಿ ಶಾಲೆಯ ಅಂಗಳ ಸಾಕು. ಕುರ್ಚಿ ನಿಮಗೂ ಪ್ಲಾಸ್ಟಿಕ್ಕಿನದೇ. ಎಂಜಿನಿಯರುಗಳು ಅಳತೆ ಪುಸ್ತಕ ತರಲಿ. ಮುಖ್ಯವಾಗಿ, ‘ವಿನಮ್ರತಾ ದಿನಕ್ಕೆ ಆಗಮಿಸುತ್ತಿರುವ ಜನಪ್ರಿಯ ಶಾಸಕರಿಗೆ ಸುಸ್ವಾಗತ’ ಎಂಬ ಫ್ಲೆಕ್ಸ್ ಹಾಕದಂತೆ ನಿಮ್ಮ ಅಭಿಮಾನಿಗಳಿಗೆ ಇವತ್ತೇ ಹೇಳಿಬಿಡಿ. ದಿನಾಂಕ ಖಚಿತಪಡಿಸಿ ನಗರಸಭೆಯ ಸೂಚನಾ ಫಲಕಕ್ಕೆ ಒಂದು ಎ4 ಹಾಳೆ ಅಂಟಿಸಿದರೆ ಸಾಕು, ನಾವು ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕ್ರೈಸ್ತ ಮತದಾರ
ಚಿತ್ರದುರ್ಗ