ನಲವತ್ತೊಂದು ಸಾವಿರ ಸಲ ಕೇಳಿದ್ದಾರಂತೆ, ಲೆಕ್ಕ ಕೊಡಿ

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಸಂಗೀತ ಆ್ಯಪ್ ಕಂಪನಿ

ವಿಷಯ: ನಮ್ಮ ಮೇಳದ ಆರು ತತ್ವಪದಗಳಿಗೆ 2024ರ ಪೂರ್ತಿ ಲೆಕ್ಕ ಕೊಡದಿರುವುದು, ಹಣ ತಡೆಹಿಡಿದಿರುವುದು ಮತ್ತು ವಾದ್ಯ ನುಡಿಸಿದವರ ಹೆಸರು ಬಿಟ್ಟಿರುವುದರ ಬಗ್ಗೆ ದೂರು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಮೂರನ್ನು ನಿಮ್ಮ ಆ್ಯಪಿನ ಸಹಾಯ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆ, ಅಣ್ಣನ ಮಗಳ ಕೈಯಿಂದ ಬರೆಸಿದ್ದೆ. ಮೂರಕ್ಕೂ ಒಂದೇ ಉತ್ತರ ಬಂತು, ಅಕ್ಷರವೂ ಬದಲಾಗಿರಲಿಲ್ಲ. ಹಾಗಾಗಿ ಈ ಸಲ ನನಗೆ ಬರುವ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಹಾಡು ಹುಡುಕುವ ಸೌಲಭ್ಯ ನಿಮ್ಮಲ್ಲಿದೆ, ಕನ್ನಡ ಪತ್ರ ಓದುವವರೂ ಒಬ್ಬರು ಇದ್ದೇ ಇರುತ್ತಾರೆ ಅಂದುಕೊಂಡಿದ್ದೇನೆ.

ನಾನು ಧಾರವಾಡದ ಕಡೆಯವನು. ಹಗಲು ಟೇಲರ್ ಕೆಲಸ, ಶ್ರಾವಣ ಬಂತೆಂದರೆ ರಾತ್ರಿ ಭಜನೆ. ನಮ್ಮ ಮೇಳದಲ್ಲಿ ನಾಲ್ಕು ಜನ. ಹಾಡುವುದು ನಾನು. ಪೇಟಿ, ಅಂದರೆ ಹಾರ್ಮೋನಿಯಂ, ಒಬ್ಬರು, ತಬಲಾ ಒಬ್ಬರು, ಏಕತಾರಿ ಹಿಡಿದು ಹಿಂದಿನಿಂದ ದನಿಗೂಡಿಸುವವರು ಒಬ್ಬರು. 2023ರ ಕೊನೆಗೆ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಎರಡು ದಿನ ಕೂತು ಶಿಶುನಾಳ ಶರೀಫರ ಆರು ಪದ ರೆಕಾರ್ಡ್ ಮಾಡಿದೆವು. ಖರ್ಚು 32,000 ರೂಪಾಯಿ. ನಾಲ್ವರೂ ತಲೆಗೆ ಎಂಟೆಂಟು ಸಾವಿರ ಹಾಕಿದೆವು. ಬಂದದ್ದರಲ್ಲೂ ನಾಲ್ಕು ಸಮಪಾಲು ಅಂತ ಮಾತಾಯಿತು. ಕಾಗದ ಪತ್ರ ಏನೂ ಇಲ್ಲ, ಮಾತು ಅಷ್ಟೇ. ಆಮೇಲೆ ಹಾಡುಗಳನ್ನು ಆ್ಯಪುಗಳಿಗೆ ತಲುಪಿಸಿ ಅದರ ಹಣ ತಂದುಕೊಡುವ ಒಂದು ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ 2024ರ ಜನವರಿಯಲ್ಲಿ ಆ ಪದಗಳು ನಿಮ್ಮ ಆ್ಯಪಿಗೆ ಬಂದವು.

ವರ್ಷ ಮುಗಿದಾಗ ನಿಮ್ಮ ಆ್ಯಪ್ ತೋರಿಸಿದ್ದು 41,260 ಪ್ಲೇ. ದೊಡ್ಡವರ ಲೆಕ್ಕದಲ್ಲಿ ಇದು ಏನೂ ಅಲ್ಲ, ಗೊತ್ತು. ನಮಗೆ ದೊಡ್ಡದು. ಈ ಸಂಖ್ಯೆಯನ್ನು ನೀವು ಹಾಡಿನ ಪಕ್ಕದಲ್ಲೇ ಊರಿಗೆಲ್ಲ ಕಾಣುವಂತೆ ಹಾಕಿದ್ದೀರಿ. ನನ್ನ ತೊಂದರೆ ಶುರುವಾಗಿದ್ದೇ ಅಲ್ಲಿಂದ. ಹಣ ಎಷ್ಟು ಬಂತು ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ.

ನಮ್ಮ ಭಜನಾ ಮೇಳಗಳಲ್ಲಿ ಒಂದು ಪದ್ಧತಿ ಇದೆ. ಬೆಳಗಿನ ಜಾವ ಮಂಗಳಾರತಿ ಆದಮೇಲೆ, ಚಹಾ ಬರುವ ಮೊದಲೇ, ಗುಡಿಯ ಕಟ್ಟೆಯ ಮೇಲೆ ರೊಕ್ಕ ಹಂಚಿಬಿಡುತ್ತೇವೆ. ತಟ್ಟೆಗೆ ಬಿದ್ದದ್ದು, ಊರವರು ಕೊಟ್ಟದ್ದು, ಎಲ್ಲ ಎಲ್ಲರ ಮುಂದೆ ಎಣಿಸಬೇಕು. ಐವತ್ತು ರೂಪಾಯಿ ಬಂದರೂ ಪಾಲು ಪಾಲೇ. ಯಾರೂ ಯಾರನ್ನೂ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಈಗ ಎರಡು ತಿಂಗಳಿಂದ ನಮ್ಮ ಪೇಟಿ ಮಾಸ್ತರರು ಸಂತೆಯಲ್ಲಿ ಸಿಕ್ಕರೆ "ಏನ್ರೀ, ನಲವತ್ತ ಸಾವಿರ ಆಗ್ಯಾವಂತ, ಏನರ ಬಂತೇನ್ರೀ?" ಅನ್ನುತ್ತಾರೆ. ನಗುತ್ತಲೇ ಕೇಳುತ್ತಾರೆ. ಆದರೆ ಇಪ್ಪತ್ತು ವರ್ಷ ಜೊತೆಗೆ ಕೂತವರು ಹಾಗೆ ಕೇಳಬೇಕಾದ ಪರಿಸ್ಥಿತಿ ಬಂತಲ್ಲ, ಅದು ಚುಚ್ಚುತ್ತದೆ. ಓಣಿಯ ಹುಡುಗರಂತೂ ನಾನು ಲಕ್ಷ ಲಕ್ಷ ಎಣಿಸುತ್ತಿದ್ದೇನೆ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಎಣಿಸಿದ್ದು ಎಷ್ಟು ಅಂದರೆ, ಡಿಸ್ಟ್ರಿಬ್ಯೂಟರ್ ಕಳಿಸಿದ ಹಾಳೆಯ ಪ್ರಕಾರ ನಿಮ್ಮಿಂದ ಬಂದದ್ದು 1,790 ರೂಪಾಯಿ. ಅವರು ನೂರಕ್ಕೆ 15 ಮುರಿದುಕೊಂಡರೆ ಉಳಿಯುವುದು 1,521 ರೂಪಾಯಿ 50 ಪೈಸೆ. ನಾಲ್ಕು ಪಾಲು ಮಾಡಿದರೆ ತಲೆಗೆ 380. ಅದೂ ಕೈಗೆ ಬಂದಿಲ್ಲ. 50 ಡಾಲರ್ ತುಂಬುವವರೆಗೆ ಹಣ ಬಿಡುವುದಿಲ್ಲವಂತೆ. ಅಂದರೆ ನಾಲ್ಕು ಸಾವಿರ ರೂಪಾಯಿಗೂ ಜಾಸ್ತಿ. ಈ ಲೆಕ್ಕದಲ್ಲಿ ನಮ್ಮ ಮೊದಲ ಪಾಲು ಹಂಚಲು ಇನ್ನೂ ಒಂದೂವರೆ ವರ್ಷ ಕಾಯಬೇಕು. ಇಲ್ಲಿ ಹತ್ತು ರೂಪಾಯಿ ಚಹಾಕ್ಕೆ ಯುಪಿಐ ಮಾಡುತ್ತೇವೆ, ಸ್ವಾಮಿ. ಧಾರವಾಡದಲ್ಲಿ ಹಾಡಿ, ರಾಣೆಬೆನ್ನೂರಿನಲ್ಲಿ ಕೇಳಿದ ಪದದ ರೊಕ್ಕಕ್ಕೆ ಡಾಲರ್ ಯಾಕೆ ಬೇಕು? ನಿಯಮ ಡಿಸ್ಟ್ರಿಬ್ಯೂಟರ್ ಕಂಪನಿಯದು ಅಂತ ನೀವು ಹೇಳುತ್ತೀರಿ. ಆ್ಯಪಿನವರನ್ನೇ ಕೇಳಿ ಅಂತ ಅವರು ಹೇಳುತ್ತಾರೆ. ಇಬ್ಬರ ನಡುವೆ ನಾನು ಚೆಂಡಿನ ಹಾಗೆ ಓಡಾಡುತ್ತಿದ್ದೇನೆ.

ಕಡಿಮೆ ಕೊಟ್ಟಿರಿ ಎಂದು ಮೊದಲಿಗೇ ಜಗಳ ತೆಗೆಯುವುದಿಲ್ಲ. ಆ ಮಾತು ಆಮೇಲೆ. ಮೊದಲು ಈ 1,790 ಹೇಗೆ ಬಂತು ಅಂತ ತಿಳಿಯಬೇಕು. ಮಾರ್ಚ್ ತಿಂಗಳಲ್ಲಿ 5,100 ಪ್ಲೇಗೆ 306 ರೂಪಾಯಿ ಹಾಕಿದ್ದೀರಿ. ಸಲಕ್ಕೆ ಆರು ಪೈಸೆ ಆಯಿತು. ಜುಲೈಯಲ್ಲಿ 5,300 ಪ್ಲೇಗೆ 159 ರೂಪಾಯಿ. ಸಲಕ್ಕೆ ಮೂರು ಪೈಸೆ. ಅದೇ ಹಾಡು, ಅದೇ ದನಿ, ಕೇಳಿದವರು ಇನ್ನೂರು ಜಾಸ್ತಿ, ದರ ಅರ್ಧ. ಯಾಕೆ? ಜುಲೈಯಲ್ಲಿ ಪುಕ್ಕಟೆ ಕೇಳುವವರು ಹೆಚ್ಚಾದರೇ? ಜಾಹೀರಾತು ಕಡಿಮೆ ಬಂತೇ? ಹಾಳೆಯಲ್ಲಿ ತಿಂಗಳಿಗೆ ಒಂದೇ ಒಂದು ಸಾಲು ಇದೆ, ಅದರ ಕೊನೆಗೆ ಒಂದು ಮೊತ್ತ. ನನ್ನ ಅಂಗಡಿಯಲ್ಲಿ ಬ್ಲೌಸ್ ಹೊಲಿಸಿದವರಿಗೆ ನಾನು ಉಳಿದ ತುಂಡು ಬಟ್ಟೆಯನ್ನೂ ಸುತ್ತಿ ಕೊಡುತ್ತೇನೆ. ಕೊಡದಿದ್ದರೆ ಬೈಯುತ್ತಾರೆ, ಬೈಯಬೇಕು ಕೂಡ.

ಇನ್ನು ಎರಡು ಪದಗಳಿಗೆ ಸೊನ್ನೆ. ಒಂದಕ್ಕೆ 612 ಪ್ಲೇ, ಇನ್ನೊಂದಕ್ಕೆ 874. ವರ್ಷಕ್ಕೆ 1,000 ದಾಟದಿದ್ದರೆ ಏನೂ ಇಲ್ಲ ಎಂಬುದು ನಿಮ್ಮ ನಿಯಮ. ಇದು ನೀವೇ ಕಂಡುಹಿಡಿದದ್ದಲ್ಲ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡನ್ನು ಹಣದ ಹಂಚಿಕೆಯಿಂದ ಹೊರಗಿಡುವ ನಿಯಮವನ್ನು ಸ್ಪಾಟಿಫೈ 2024ರಲ್ಲಿ ತಂದಿತು. ಚಿಲ್ಲರೆ ಹಣ ಬ್ಯಾಂಕ್ ಶುಲ್ಕಕ್ಕೂ ಸಾಲದು ಎಂಬುದು ಅದಕ್ಕೆ ಕೊಟ್ಟ ಕಾರಣ. ಮಳೆ ಸದ್ದಿನಂಥ ಸುಮ್ನೆ ತುಂಬಿಸಿದ ಫೈಲುಗಳಿಗೆ ಹಣ ಕಡಿಮೆ ಮಾಡುವ ಬೇರೊಂದು ನಿಯಮವನ್ನೂ ಅದರ ಜೊತೆಗೇ ತಂದಿತು. ಮಳೆ ಸದ್ದಿನ ಮಾತು ಒಪ್ಪುತ್ತೇನೆ. ಆದರೆ 874 ಸಲ ಜನ ಕೂತು ಕೇಳಿದ ಪದ ಮಳೆ ಸದ್ದಲ್ಲ. ಸಲಕ್ಕೆ ನಾಲ್ಕೂವರೆ ಪೈಸೆ ಹಿಡಿದರೂ ಅದರ ಸುಮಾರು ನಲವತ್ತು ರೂಪಾಯಿ ಚಿಲ್ಲರೆ ನಮ್ಮದೇ. ಅದು ಈಗ ಯಾರ ಪಾಲಿಗೆ ಹೋಯಿತು?

ಕೇಳಿದ್ದನ್ನು ಎಣಿಸುವ ರೀತಿಯೂ ನಮ್ಮಂಥವರಿಗೆ ಆಗಿಬರುವುದಿಲ್ಲ. 30 ಸೆಕೆಂಡು ಕೇಳಿದರೆ ಒಂದು ಪ್ಲೇ. ಮೂರು ನಿಮಿಷದ ಹಾಡಿಗೂ ಒಂದು, ಹನ್ನೊಂದು ನಿಮಿಷದ ಪದಕ್ಕೂ ಒಂದು. ನಮ್ಮ ಪದ ಶುರುವಾಗುವುದೇ ಸಾವಕಾಶ. ಮೊದಲು ಏಕತಾರಿಯ ನಾದ, ಆಮೇಲೆ ಪೇಟಿಯ ಮೇಲೆ ಸ್ವರ ಹಿಡಿಯುವುದು, ಆಮೇಲೆ ಪಲ್ಲವಿ. 30 ಸೆಕೆಂಡಿಗೆ ತಬಲಾದವರು ಇನ್ನೂ ಕೈ ಹಾಕಿರುವುದಿಲ್ಲ! ಮಲ್ಲಿಕಾರ್ಜುನ ಮನಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ಸೀಮೆ ಇದು. ಅರ್ಧ ತಾಸಿನ ವಿಲಂಬಿತ ಖ್ಯಾಲು ಇಲ್ಲಿ ಯಾರಿಗೂ ಉದ್ದ ಅನ್ನಿಸುವುದಿಲ್ಲ. ನಿಮ್ಮಲ್ಲಿ ಅದಕ್ಕೂ ಒಂದೇ ಪ್ಲೇ. ಅದೇ ಅರ್ಧ ತಾಸಿನಲ್ಲಿ ಮೂರು ನಿಮಿಷದ ಹತ್ತು ಹಾಡು ಕೇಳಿದರೆ ಹತ್ತು ಪ್ಲೇ. ಡಿಸ್ಟ್ರಿಬ್ಯೂಟರ್ ಕಂಪನಿಯ ಹುಡುಗನೊಬ್ಬ ಫೋನಿನಲ್ಲಿ ಬಹಳ ವಿನಯದಿಂದ ಹೇಳಿದ: "ಸರ್, ಆಲಾಪ್ ಕಟ್ ಮಾಡಿ, ಎರಡೂವರೆ ನಿಮಿಷಕ್ಕೆ ತನ್ನಿ." ಶರೀಫಜ್ಜನ ಪದದ ಯಾವ ನುಡಿ ಬಿಡಲಿ ಅಂತ ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ, ಪಾಪ.

ನನ್ನ ಸೋದರತ್ತೆಯ ಕತೆಯನ್ನು ಹೇಳಲೇಬೇಕು. ಅವಳಿಗೆ 71 ವರ್ಷ, ರಾಣೆಬೆನ್ನೂರಿನಲ್ಲಿ ಇದ್ದಾಳೆ. ಎರಡು ಪದದ ನಡುವೆ ಸಿಮೆಂಟಿನ ಜಾಹೀರಾತು ಬರುತ್ತದೆ ಅಂತ ಮೊಮ್ಮಗನಿಗೆ ಹೇಳಿ ತಿಂಗಳಿಗೆ 119 ರೂಪಾಯಿಯ ಪ್ಯಾಕ್ ಹಾಕಿಸಿಕೊಂಡಿದ್ದಾಳೆ. ಅವಳು ಆ್ಯಪಿನಲ್ಲಿ ಬೇರೆ ಏನೂ ಕೇಳುವುದಿಲ್ಲ. ಬೆಳಿಗ್ಗೆ ಐದು ಪದ, ಸಂಜೆ ಐದು ಪದ, ಎಲ್ಲ ನಮ್ಮವೇ. ತಿಂಗಳಿಗೆ ಮುನ್ನೂರು ಪ್ಲೇ ಆಯಿತು. ಹಾಳೆಯಲ್ಲಿ ಹಣ ಬಂದ ನಾಲ್ಕು ಪದಗಳ ಸರಾಸರಿ ದರ ನಾಲ್ಕೂವರೆ ಪೈಸೆ. ಆ ಪ್ರಕಾರ ಅವಳಿಂದ ನಮಗೆ ಬಂದದ್ದು ಹದಿಮೂರೂವರೆ ರೂಪಾಯಿ. ಅತ್ತೆಗೆ ಇದನ್ನು ಹೇಳಿದಾಗ ಅವಳು ನಂಬಲೇ ಇಲ್ಲ. "ಮತ್ತ ಉಳದ ನೂರು ರೂಪಾಯಿ ಯಾರಿಗಿ ಕೊಟ್ಟೆ ನಾನು?" ಅಂದಳು.

ನಾನು ನಿಮಗೆ ಕೇಳುವುದೂ ಅದನ್ನೇ. ತೆರಿಗೆ ಹೋಗಲಿ, ನಿಮ್ಮ ಖರ್ಚು ಹೋಗಲಿ. ಆದಾಯದ ಸುಮಾರು ಮೂರರಲ್ಲಿ ಎರಡು ಪಾಲು ಹಕ್ಕುದಾರರಿಗೆ ಕೊಡುತ್ತೇವೆ ಅಂತ ಈ ವ್ಯವಹಾರದ ದೊಡ್ಡ ಕಂಪನಿಗಳು ಹೇಳುತ್ತವೆ. ನಂಬಿದೆ. ಆದರೆ ಆ ಹಣವನ್ನೆಲ್ಲ ಒಂದೇ ಹಂಡೆಗೆ ಸುರಿದು, ತಿಂಗಳ ಒಟ್ಟು ಪ್ಲೇಗಳಲ್ಲಿ ಯಾರದು ಎಷ್ಟು ಭಾಗವೋ ಅಷ್ಟು ಸೌಟು ಅವರಿಗೆ ಬಡಿಸುತ್ತೀರಿ. ಅತ್ತೆ ಕೇಳಿದ್ದು ತತ್ವಪದ, ಅವಳ ದುಡ್ಡಿನ ಬಹುಪಾಲು ಹೋದದ್ದು ಅವಳು ಜನ್ಮದಲ್ಲಿ ಕೇಳದ ಹಾಡುಗಳಿಗೆ. ಇಡೀ ದಿನ ಜಿಮ್ಮಿನಲ್ಲಿ ಹಾಡು ಹಚ್ಚಿಡುವವನು ಹಂಡೆಯಿಂದ ಜಾಸ್ತಿ ಸೌಟು ಎಳೆಸುತ್ತಾನೆ, ದಿನಕ್ಕೆ ಹತ್ತು ಪದ ಕೇಳುವ ಮುದುಕಿಯ ದುಡ್ಡು ಅವನ ಹಿಂದೆ ಹೋಗುತ್ತದೆ. ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಸೌಂಡ್‌ಕ್ಲೌಡ್ ಎಂಬ ಇನ್ನೊಂದು ಸಂಗೀತ ಆ್ಯಪ್ 2021ರಲ್ಲಿ ಕೆಲವು ಕಲಾವಿದರಿಗೆ ಕೇಳುಗನ ಹಣ ಅವನು ಕೇಳಿದವರಿಗೇ ಹೋಗುವ ಪದ್ಧತಿ ಶುರು ಮಾಡಿತು. ಹಾಗೆ ಮಾಡಿದರೆ ನಮಗೆ ಕೋಟಿ ಬರುವುದಿಲ್ಲ. ಅತ್ತೆಯ ನೂರು ರೂಪಾಯಿಯಲ್ಲಿ ಐವತ್ತಾದರೂ ಬರುತ್ತದೆ, ಅಲ್ವಾ?

ಹಳೆಯ ಕಾಲ ಚೆನ್ನಾಗಿತ್ತು ಅಂತ ಹೇಳುವವನು ನಾನಲ್ಲ. ಕ್ಯಾಸೆಟ್ ಕಾಲದಲ್ಲಿ ಒಮ್ಮೆ ಒಬ್ಬರಿಗೆ ಹಾಡಿಕೊಟ್ಟಿದ್ದೆ. ಕೈಗೆ ಸಾವಿರ ರೂಪಾಯಿ ಇಟ್ಟು ಸ್ಟಾಂಪ್ ಹಚ್ಚಿದ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಮುಗಿಯಿತು. ಮುಂದೆ ಅದೇ ಪದ ಬಸ್ ಸ್ಟ್ಯಾಂಡಿನಲ್ಲಿ ನೂರು ಹಾಡಿನ ಎಂಪಿತ್ರೀ ಸೀಡಿಯಲ್ಲಿ ಸಿಕ್ಕಿತು. ಅದಕ್ಕಿಂತ ನೀವು ವಾಸಿ. ಹಾಗಿದ್ದರೂ ಆಕಾಶವಾಣಿಯನ್ನು ನೆನೆಯದೆ ಇರಲಾರೆ. ಅಲ್ಲಿ ಕಲಾವಿದನಿಗೆ ಒಂದು ಗ್ರೇಡು, ಗ್ರೇಡಿಗೊಂದು ಸಂಭಾವನೆ. ಕಾಂಟ್ರ್ಯಾಕ್ಟ್ ಕಾಗದದಲ್ಲಿ ದಿನ, ಹೊತ್ತು, ಹಣ ಎಲ್ಲ ಮೊದಲೇ ಬರೆದಿರುತ್ತದೆ. ಹಣ ಸಣ್ಣದೇ, ಆದರೆ ಹಾಡುವ ಮೊದಲೇ ಅದು ಎಷ್ಟೆಂದು ಗೊತ್ತಿರುತ್ತದೆ.

ಹೆಸರಿನ ವಿಷಯಕ್ಕೆ ನಾನು ಹಣಕ್ಕಿಂತ ಜಾಸ್ತಿ ಸಿಟ್ಟಾಗಿದ್ದೇನೆ. ಪದಗಳನ್ನು ಕಳಿಸುವಾಗ ಪೇಟಿ, ತಬಲಾ, ಏಕತಾರಿಯವರ ಹೆಸರನ್ನೆಲ್ಲ ಫಾರ್ಮಿನಲ್ಲಿ ತುಂಬಿದ್ದೆವು. ನಿಮ್ಮ ಆ್ಯಪಿನಲ್ಲಿ ನನ್ನ ಹೆಸರೊಂದೇ ಇದೆ. ಸಾಹಿತ್ಯ ಬರೆದವರ ಜಾಗದಲ್ಲಿ ಏನಿದೆ ಗೊತ್ತೇ? "ಅಜ್ಞಾತ". ಶಿಶುನಾಳ ಶರೀಫರು ಅಜ್ಞಾತರೇ? ಹಾವೇರಿ ಜಿಲ್ಲೆಯ ಶಿಶುವಿನಹಾಳಕ್ಕೆ ಬಂದು ನೋಡಿ, ಅವರ ಗದ್ದುಗೆಗೆ ಎರಡೂ ಧರ್ಮದವರು ಹೇಗೆ ನಡೆದುಕೊಳ್ಳುತ್ತಾರೆ ಅಂತ. ಅದೂ ಬೇಡ, ಪದವನ್ನು ಕೊನೆಯವರೆಗೆ ಕೇಳಿದ್ದರೆ ಸಾಕಿತ್ತು. ಕೊನೆಯ ನುಡಿಯಲ್ಲಿ ಶಿಶುನಾಳಧೀಶ ಅಂತ ಅಂಕಿತ ಇದ್ದೇ ಇರುತ್ತದೆ. ಬರೆದವರ ಗುರುತು ಹಾಡಿನ ಒಳಗೇ ಹೊಲಿದಿದೆ, ಯಾರೂ ಬಿಚ್ಚಲಾಗದ ಹಾಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಮೊದಮೊದಲ ಗ್ರಾಮಫೋನ್ ರೆಕಾರ್ಡುಗಳಿಗೆ ಹಾಡಿದಾಗ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ನಮ್ಮ ತಬಲಾದವರೂ ಕೊನೆಯ ತಿಹಾಯಿ ಮುಗಿಸಿ ಹೆಸರು ಕೂಗಬೇಕೇನು?

ಅಣ್ಣನ ಮಗಳು ಧಾರವಾಡದಲ್ಲಿ ಕಾನೂನು ಓದುತ್ತಿದ್ದಾಳೆ. ಅವಳು ತೋರಿಸಿದ ಮೇಲೆ ನನಗೂ ತಿಳಿಯಿತು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದಕ್ಕೆ 2012ರಲ್ಲಿ ತಿದ್ದುಪಡಿ ಬಂತು. ಹಾಡಿದವರು, ನುಡಿಸಿದವರು ಎಲ್ಲರೂ ಅದರಲ್ಲಿ ಪ್ರದರ್ಶಕರು. ಆ ಪಟ್ಟಿಯಲ್ಲಿ ದೊಂಬರಾಟದವನೂ ಇದ್ದಾನೆ, ಹಾವಾಡಿಗನೂ ಇದ್ದಾನೆ. ಅವರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಸಿಗಬೇಕು, ಪ್ರದರ್ಶನ ತಮ್ಮದೆಂದು ಗುರುತಿಸಿಕೊಳ್ಳುವ ಹಕ್ಕೂ ಅವರಿಗಿದೆ. ಹಾವಾಡಿಗನಿಗೆ ಇರುವ ಹಕ್ಕು ನಮ್ಮ ತಬಲಾದವರಿಗೆ ಇಲ್ಲವೇ?

ಆದ್ದರಿಂದ ನನಗೆ ಬೇಕಾದದ್ದು ಇಷ್ಟು. 2024ರ ಜನವರಿಯಿಂದ ಡಿಸೆಂಬರಿನವರೆಗೆ ಆರೂ ಪದಗಳ ತಿಂಗಳವಾರು ಲೆಕ್ಕ, ಪುಕ್ಕಟೆ ಕೇಳಿದವರೆಷ್ಟು ಹಣ ಕೊಟ್ಟು ಕೇಳಿದವರೆಷ್ಟು ಎಂದು ಬೇರೆ ಬೇರೆ ಮಾಡಿ. ಸೊನ್ನೆ ಹಾಕಿದ ಎರಡು ಪದಗಳ ಹಣ. 50 ಡಾಲರಿನ ಮಿತಿ ನಿಮ್ಮದೋ ಡಿಸ್ಟ್ರಿಬ್ಯೂಟರ್ ಕಂಪನಿಯದೋ ಎಂದು ಬರವಣಿಗೆಯಲ್ಲಿ ಉತ್ತರ. ನಿಮ್ಮದೇ ಆಗಿದ್ದರೆ ನಮ್ಮ 1,521 ರೂಪಾಯಿ 50 ಪೈಸೆಯನ್ನು ಬಿಡುಗಡೆ ಮಾಡಿ. ಸಾಹಿತ್ಯದ ಜಾಗದಲ್ಲಿ ಶಿಶುನಾಳ ಶರೀಫರ ಹೆಸರು, ವಾದ್ಯದ ಜಾಗದಲ್ಲಿ ಮೂವರ ಹೆಸರು ಹಾಕಿ. ಇದಕ್ಕೆ ನಿಮ್ಮ ಹುಡುಗರಿಗೆ ಐದು ನಿಮಿಷ ಸಾಕು, ಇದನ್ನಾದರೂ ನಾಳೆಯೇ ಮಾಡಬಹುದು. ಹಂಡೆಯ ಪದ್ಧತಿಯನ್ನು ಒಂದು ಪತ್ರಕ್ಕೆ ಹೆದರಿ ಬದಲಿಸುತ್ತೀರಿ ಅಂತ ನಾನೇನೂ ಅಂದುಕೊಂಡಿಲ್ಲ. ಆದರೆ ಅತ್ತೆಯ ಪ್ರಶ್ನೆಗೆ ಅವಳಿಗೆ ತಿಳಿಯುವ ಮಾತಿನಲ್ಲಿ ಉತ್ತರ ಬರೆಯಿರಿ, ಓದಿ ಹೇಳುತ್ತೇನೆ.

ದೂರು ಬಂದ 15 ದಿನದೊಳಗೆ ಇತ್ಯರ್ಥ ಮಾಡುತ್ತೇವೆ ಅಂತ ನಿಮ್ಮ ಆ್ಯಪಿನಲ್ಲೇ ಬರೆದಿದೆ. ಆ ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಆರೂ ಪದಗಳನ್ನು ನಿಮ್ಮಲ್ಲಿಂದ ತೆಗೆಸುತ್ತೇವೆ. ನಾಲ್ವರೂ ಕೂತು ಹಾಗೆ ಮಾತಾಡಿಕೊಂಡಿದ್ದೇವೆ. ಅತ್ತೆಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೂ ಆಗುತ್ತದೆ, ಜಾಹೀರಾತೂ ಇರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ತತ್ವಪದ ಮೇಳದ ಹಾಡುಗಾರ
(ಪೇಟಿ, ತಬಲಾ, ಏಕತಾರಿಯವರ ಸಹಿಗಳೂ ಕೆಳಗಿವೆ)

ಧಾರವಾಡ
10-03-2025

ಲಗತ್ತು: ಡಿಸ್ಟ್ರಿಬ್ಯೂಟರ್ ಕಂಪನಿಯ ಹಾಳೆ, ಸ್ಟುಡಿಯೋ ರಸೀದಿ, ನಿಮ್ಮ ಮೂರು ಉತ್ತರಗಳ ಪ್ರತಿ. ಮೂರೂ ಒಂದೇ ಆಗಿರುವುದರಿಂದ ಒಂದನ್ನೇ ಇಟ್ಟಿದ್ದೇನೆ.