ನಿನ್ನ ಹಾಡಿನ ಎರಡನೇ ಚರಣ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಹಾಡು ಕೇಳಿದೆ. ಮೊದಲು ಫೋನಿನಲ್ಲಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು. ಟ್ಯೂನ್ ಚೆನ್ನಾಗಿದೆ. ಪಲ್ಲವಿ ಮುಗಿದ ಮೇಲೆ ಎಲ್ಲ ವಾದ್ಯಗಳೂ ನಿಂತು ನಿನ್ನ ಬೇಸ್ ಗಿಟಾರ್ ಒಂದೇ ಉಳಿಯುತ್ತದಲ್ಲ, ಅದು ನನಗೆ ತುಂಬ ಹಿಡಿಸಿತು. ಸಾಹಿತ್ಯದ ಬಗ್ಗೆ ಮಾತ್ರ ಸ್ವಲ್ಪ ಉದ್ದಕ್ಕೇ ಹೇಳಬೇಕು. ವಾಯ್ಸ್ ಮೆಸೇಜ್ ಕಳಿಸಿದರೆ ನೀನು ಡಬಲ್ ಸ್ಪೀಡಿನಲ್ಲಿ ಕೇಳಿ 'ಓಕೆ ಮಾವ' ಅಂತೀಯ. ಅದಕ್ಕೇ ಈ ಕಾಗದ.

ನಿಮ್ಮಮ್ಮನೂ ಫೋನ್ ಮಾಡಿದ್ದಳು. ಕಾಲೇಜಿನಲ್ಲಿ ಸತ್ತ ಹುಡುಗನ ಮೇಲೆ ಹಾಡು ಕಟ್ಟಿದ್ದಾಳಂತೆ, ಇಂಥ ಹಾಡು ಕೇಳಿ ಕೇಳಿಯೇ ಮಕ್ಕಳು ಹಾಳಾಗುವುದು, ನೀನೇ ಹಚ್ಚಿದ ಗೀಳು, ನೀನೇ ಬಿಡಿಸು ಅಂದಳು. ಬಿಡಿಸುವ ಯೋಚನೆ ನನಗಿಲ್ಲ. ಅವಳಿಗೆ ಒಂದು ಹಳೇ ಕೇಸಿನ ಕತೆ ಹೇಳಿದೆ. 1985ರಲ್ಲಿ ಅಮೆರಿಕದ ನೆವಾಡಾದಲ್ಲಿ ಇಬ್ಬರು ಯುವಕರು ಜೀವ ಕಳೆದುಕೊಳ್ಳಲು ಹೊರಟರು. ಒಬ್ಬ ಆವತ್ತೇ ಹೋದ, ಇನ್ನೊಬ್ಬ ಮೂರು ವರ್ಷದ ಮೇಲೆ. ಅವರು ಕೇಳುತ್ತಿದ್ದದ್ದು ಜೂಡಸ್ ಪ್ರೀಸ್ಟ್ ಅನ್ನುವ ಬ್ಯಾಂಡಿನ ಹಾಡುಗಳನ್ನು. ಹಾಡಿನೊಳಗೆ ಅಡಗಿಸಿಟ್ಟ ಮಾತೇ ಅವರನ್ನು ಕೆಣಕಿತು ಅಂತ ಮನೆಯವರು ಕೇಸು ಹಾಕಿದರು. 1990ರಲ್ಲಿ ರೀನೋ ಊರಿನಲ್ಲಿ ವಿಚಾರಣೆ ನಡೆಯಿತು. ಗಾಯಕ ರಾಬ್ ಹ್ಯಾಲ್ಫರ್ಡ್ ತಮ್ಮದೇ ಹಾಡನ್ನು ಹಿಂದುಮುಂದಾಗಿ ನುಡಿಸಿ, 'ಅಮ್ಮಾ ನೋಡು, ನನ್ನ ಕುರ್ಚಿ ಮುರಿದಿದೆ' ಅಂತ ಕೇಳಿಸುವ ತುಣುಕನ್ನು ಕೋರ್ಟಿನಲ್ಲಿ ತೋರಿಸಿದ. ಹುಡುಕುತ್ತಾ ಕೂತರೆ ಏನು ಬೇಕಾದರೂ ಕೇಳಿಸುತ್ತದೆ ಅಂತ. ಬ್ಯಾಂಡ್ ಹೊಣೆಯಲ್ಲ ಅಂತ ತೀರ್ಪು ಬಂತು. ಅಷ್ಟರಲ್ಲಿ ಆ ಹುಡುಗರು ಬೆಳೆದ ಮನೆಗಳ ಹೊಡೆತ, ಕುಡಿತ, ಅರ್ಧಕ್ಕೆ ಬಿಟ್ಟ ಓದು ಎಲ್ಲ ಹೊರಗೆ ಬಂದಿತ್ತು. ಅಕ್ಕ ಪೂರ್ತಿ ಕೇಳಿಸಿಕೊಂಡು, 'ಅದೆಲ್ಲ ಅಮೆರಿಕ' ಅಂದಳು. ಇರಲಿ, ಅವಳನ್ನು ನಾನು ನೋಡಿಕೊಳ್ಳುತ್ತೇನೆ.

ಈಗ ನಿನ್ನ ವಿಷಯ. ಎರಡನೇ ಚರಣದಲ್ಲಿ ಅಪ್ಪ ಆಫೀಸಿನಲ್ಲಿ, ಅಮ್ಮ ಫೋನಿನಲ್ಲಿ, ಹುಡುಗನ ಜೊತೆ ಊಟಕ್ಕೆ ಕೂರುವವರಿಲ್ಲ ಅಂತ ಬರೆದಿದ್ದೀಯ. ಆ ಮನೆಗೆ ನೀನು ಯಾವತ್ತಾದರೂ ಹೋಗಿದ್ದೀಯಾ? ಅವರಪ್ಪನ ಹತ್ತಿರ ಒಂದು ಮಾತಾದರೂ ಆಡಿದ್ದೀಯಾ? ಹಾಡಿನ ಜೊತೆಗೆ ಕಳಿಸಿದ ಮೆಸೇಜಿನಲ್ಲಿ, 'ಮಾವ, ಅವನು ಕ್ಯಾಂಟೀನಿನಲ್ಲಿ ಯಾವಾಗಲೂ ಒಬ್ಬನೇ ಕೂತಿರುತ್ತಿದ್ದ' ಅಂತ ನೀನೇ ಬರೆದಿದ್ದೀಯ. ಒಬ್ಬನೇ ಕೂತದ್ದನ್ನು ನೋಡಿದವರು ಯಾರು? ನೀವೇ ಅಲ್ವಾ? ಅದು ಹಾಡಿನಲ್ಲಿ ಎಲ್ಲೂ ಇಲ್ಲ.

ನೀನು ಯಾವ ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕಟ್ಟಿದ್ದೀಯ ಅಂತ ನನಗೆ ಮೊದಲ ಸಾಲಿಗೇ ಗೊತ್ತಾಯಿತು. ಪರ್ಲ್ ಜ್ಯಾಮ್ ಬ್ಯಾಂಡಿನ 'ಜೆರೆಮಿ'. ನಮ್ಮ ಕಾಲದಲ್ಲಿ ಕೇಬಲ್ ಟೀವಿ ಬಂದ ಹೊಸತರಲ್ಲಿ ಎಂಟೀವಿಯಲ್ಲಿ ದಿನಾ ಬರುತ್ತಿತ್ತು. 1991ರ ಜನವರಿಯಲ್ಲಿ ಟೆಕ್ಸಸ್‌ನ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ ಊರಿನಲ್ಲಿ, 15 ವರ್ಷದ ಹುಡುಗನೊಬ್ಬ ತರಗತಿಯಲ್ಲೇ ಎಲ್ಲರೆದುರು ಜೀವ ಕಳೆದುಕೊಂಡ. ಪೇಪರಿನಲ್ಲಿ ಬಂದ ಆ ಚಿಕ್ಕ ಸುದ್ದಿಯನ್ನು ಓದಿ ಬ್ಯಾಂಡಿನ ಗಾಯಕ ಎಡ್ಡಿ ವೆಡ್ಡರ್ ಹಾಡು ಬರೆದ. ಅದೇ ವರ್ಷ ಆಗಸ್ಟಿನಲ್ಲಿ 'ಟೆನ್' ಆಲ್ಬಂನಲ್ಲಿ ಬಂತು. ಸಂಗೀತ ಬ್ಯಾಂಡಿನ ಬೇಸ್ ವಾದಕ ಜೆಫ್ ಅಮೆಂಟ್‌ನದು. ಶುರುವಿನಲ್ಲಿ ಗಂಟೆಯ ಹಾಗೆ ಕೇಳಿಸುತ್ತದಲ್ಲ, ಅದು 12 ತಂತಿಯ ಬೇಸ್. ಬೇಸ್ ಹಿಡಿದವಳು ನೀನು, ಇದನ್ನು ನಿನಗೆ ಹೇಳದೆ ಇರಲಾಗಲಿಲ್ಲ.

ಆ ಹಾಡಿನಲ್ಲೂ ಮನೆಯವರ ಮೇಲೆ ಆರೋಪ ಇದೆ, ನಿಜ. ಅಪ್ಪ ಗಮನ ಕೊಡಲಿಲ್ಲ, ಅಮ್ಮನಿಗೆ ಬೇಕಾಗಿರಲಿಲ್ಲ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ನೀನು ಅದನ್ನು ಮಾತ್ರ ಎತ್ತಿಕೊಂಡಿದ್ದೀಯ. ಎರಡನೇ ಚರಣ ಇನ್ನೊಂದು ಸಲ ಕೇಳು. ಅಲ್ಲಿ ಹಾಡುವವನೇ ಸಿಕ್ಕಿಬೀಳುತ್ತಾನೆ. ಆ ಹುಡುಗನನ್ನು ಕಾಡಿಸಿದವರಲ್ಲಿ ನಾನೂ ಇದ್ದೆ, ಪಾಪದವನು ಅಂದುಕೊಂಡಿದ್ದೆವು, ತಿರುಗಿ ಬಿದ್ದ ಅನ್ನುತ್ತಾನೆ. ವೆಡ್ಡರ್ ಸಾನ್ ಡಿಯಾಗೋದಲ್ಲಿ ಓದುವಾಗ ಅವನ ಶಾಲೆಗೇ ಒಬ್ಬ ಹುಡುಗ ಬಂದೂಕು ತಂದಿದ್ದ. ಅವನ ಜೊತೆ ವೆಡ್ಡರ್ ಜಗಳವನ್ನೂ ಆಡಿದ್ದ. ಆ ನೆನಪನ್ನು ಟೆಕ್ಸಸ್‌ನ ಸುದ್ದಿಗೆ ಸೇರಿಸಿದ. ನನ್ನ ಕೇಳಿದರೆ ಆ ಹಾಡು ಇಷ್ಟು ವರ್ಷ ಉಳಿದದ್ದು ಆ ಚರಣದಿಂದ. ಅಪ್ಪ ಅಮ್ಮನನ್ನು ಬೈಯುವ ಹಾಡು ರಾಕ್‌ನಲ್ಲಿ ಬೇಕಾದಷ್ಟಿವೆ. ತಾನು ಯಾವ ಬೆಂಚಿನಲ್ಲಿ ಕೂತಿದ್ದೆ ಅಂತ ಹೇಳುವ ಹಾಡು ಕಡಿಮೆ.

ಇಷ್ಟಾದರೂ ಆ ಹಾಡಿನಿಂದ ಎಲ್ಲರಿಗೂ ಸಮಾಧಾನ ಆಗಲಿಲ್ಲ. ಟೆಕ್ಸಸ್ಸಿನ ಆ ಹುಡುಗನ ಸಹಪಾಠಿಯೊಬ್ಬಳು, ನಿಮಗೇನು ಗೊತ್ತು, ನೀವು ಅಲ್ಲಿರಲಿಲ್ಲ ಅಂತ ಆ ಬ್ಯಾಂಡಿನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಅವಳ ಸಿಟ್ಟು ನ್ಯಾಯವಾದದ್ದೇ ಅನ್ನಿಸುತ್ತದೆ ನನಗೆ. ಇನ್ನು ವಿಡಿಯೋ ಕತೆ ಬೇರೆ. ಮಾರ್ಕ್ ಪೆಲಿಂಗ್ಟನ್ ಅದನ್ನು 1992ರಲ್ಲಿ ಮಾಡಿದ. 1993ರಲ್ಲಿ ಎಂಟೀವಿಯ ನಾಲ್ಕು ಪ್ರಶಸ್ತಿ ಬಂದವು, ವರ್ಷದ ವಿಡಿಯೋ ಅನ್ನುವುದೂ ಸೇರಿ. ಆದರೆ ಟೀವಿಗಾಗಿ ಕೊನೆಯ ಬಂದೂಕಿನ ದೃಶ್ಯವನ್ನು ಕತ್ತರಿಸಿದ್ದರು. ಉಳಿದದ್ದು ಕಲ್ಲಾಗಿ ಕೂತ ಮಕ್ಕಳು, ಅವರ ಬಟ್ಟೆಯ ಮೇಲೆ ರಕ್ತ. ನೋಡಿದವರಲ್ಲಿ ಎಷ್ಟೋ ಜನ ಆ ಹುಡುಗ ಸಹಪಾಠಿಗಳನ್ನೇ ಕೊಂದ ಅಂದುಕೊಂಡರು. ತನ್ನ ಜೀವ ಕಳೆದುಕೊಂಡವನು ಎಲ್ಲರ ಕಣ್ಣಲ್ಲಿ ಕೊಲೆಗಾರನಾದ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕ್ ಊರಿನ ಶಾಲೆಯಲ್ಲಿ ಗುಂಡು ಹಾರಿದಾಗ, ಆ ಮೊಕದ್ದಮೆಯಲ್ಲಿ ಈ ವಿಡಿಯೋ ಹೆಸರೂ ಬಂತು. ಬ್ಯಾಂಡಿನವರು 1998ರ ತನಕ ಇನ್ನೊಂದು ವಿಡಿಯೋ ಮಾಡಲಿಲ್ಲ. ಕತ್ತರಿಸದ ವಿಡಿಯೋ ಹೊರಬಂದದ್ದು 2020ರಲ್ಲಿ.

ಹುಡುಗನ ತಾಯಿ 2018ರಲ್ಲಿ ಡಲ್ಲಾಸ್‌ನ ಒಂದು ಟೀವಿಗೆ ಮಾತಾಡಿದರು. ಆ ಒಂದು ದಿನ ನನ್ನ ಮಗನ ಬದುಕಲ್ಲ, ಅವನು ಯಾರದೋ ಮಗ, ಸಹೋದರ, ಮೊಮ್ಮಗ, ಗೆಳೆಯ ಆಗಿದ್ದ, ಅವನಲ್ಲಿ ಪ್ರತಿಭೆ ಇತ್ತು ಅನ್ನುವ ಅರ್ಥದಲ್ಲಿ ಹೇಳಿದರು. ಮಗ ಹೋಗಿ 27 ವರ್ಷ ಆಗಿತ್ತು. ಅಷ್ಟೂ ವರ್ಷ ಎಲ್ಲೋ ಅಂಗಡಿಯಲ್ಲಿ, ಯಾರದೋ ಕಾರಿನಲ್ಲಿ ಆ ಹಾಡು ಅವರ ಕಿವಿಗೆ ಬಿದ್ದಿರುತ್ತದೆ. ನಿನ್ನ ಎರಡನೇ ಚರಣ ಯೂಟ್ಯೂಬಿಗೆ ಹೋದರೆ ಅದನ್ನು ಕೇಳುವ ತಾಯಿ ಬೆಂಗಳೂರಿನಲ್ಲೇ ಇದ್ದಾರೆ, ನೆನಪಿಟ್ಟುಕೋ.

ಇನ್ನೊಂದು ಹಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಬೂಮ್‌ಟೌನ್ ರ‍್ಯಾಟ್ಸ್ ಅಂತ ಐರ್ಲೆಂಡಿನ ಬ್ಯಾಂಡ್. 1979ರ ಜನವರಿಯಲ್ಲಿ, ಮತ್ತೆ ಅದೇ ಸಾನ್ ಡಿಯಾಗೋದಲ್ಲಿ, 16 ವರ್ಷದ ಹುಡುಗಿ ಮನೆಯ ಕಿಟಕಿಯಿಂದ ಎದುರಿನ ಪ್ರಾಥಮಿಕ ಶಾಲೆಯ ಮೇಲೆ ಗುಂಡು ಹಾರಿಸಿದಳು. ಯಾಕೆ ಅಂತ ಫೋನಿನಲ್ಲಿ ಕೇಳಿದ ವರದಿಗಾರನಿಗೆ, ನನಗೆ ಸೋಮವಾರ ಇಷ್ಟ ಇಲ್ಲ ಅಂದಳು. ಆ ಹೊತ್ತಿಗೆ ಅಟ್ಲಾಂಟಾದ ಒಂದು ರೇಡಿಯೋ ಕೇಂದ್ರದಲ್ಲಿದ್ದ ಬ್ಯಾಂಡಿನ ಗಾಯಕ ಬಾಬ್ ಗೆಲ್ಡಾಫ್ ಸುದ್ದಿ ಬರುವ ಟೆಲೆಕ್ಸ್ ಯಂತ್ರದಲ್ಲಿ ಇದನ್ನು ನೋಡಿ ಅದೇ ಮಾತನ್ನು ಪಲ್ಲವಿ ಮಾಡಿದ. ಬ್ರಿಟನ್ನಿನಲ್ಲಿ ಹಾಡು ಒಂದನೇ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಎಷ್ಟೋ ರೇಡಿಯೋಗಳು ಅದನ್ನು ಹಾಕಲೇ ಇಲ್ಲ. ಆ ಬಂದೂಕು ಅಪ್ಪ ಕೊಟ್ಟ ಕ್ರಿಸ್ಮಸ್ ಉಡುಗೊರೆ. ಅಪ್ಪನ ಹತ್ತಿರ ನಾನು ಬೇಕು ಅಂದದ್ದು ರೇಡಿಯೋ, ಕೊಟ್ಟದ್ದು ಬಂದೂಕು ಅಂತ ಆಮೇಲೆ ಆ ಹುಡುಗಿಯೇ ಹೇಳಿದಳು. ಮನೆಯ ಅಲಕ್ಷ್ಯದ ಮೇಲೆ ಹಾಡು ಬರೆಯುವುದಾದರೆ ಇದಕ್ಕಿಂತ ದೊಡ್ಡ ವಿಷಯ ಬೇಕಾ? ಅದು ಹಾಡಿನಲ್ಲಿ ಇಲ್ಲ. ಗುಂಡಿಗೆ ಬಲಿಯಾದವರು ಶಾಲೆಯ ಪ್ರಿನ್ಸಿಪಾಲ್ ಮತ್ತು ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರ. ಇಬ್ಬರೂ ಮಕ್ಕಳನ್ನು ಕಾಪಾಡಲು ಓಡಿದವರು. ಅವರೂ ಹಾಡಿನಲ್ಲಿ ಇಲ್ಲ. ಪಿಯಾನೋ ಎಷ್ಟು ಚೆನ್ನಾಗಿದೆಯೋ ಅಷ್ಟೇ ಕಿರಿಕಿರಿ ನನಗೆ ಆ ಹಾಡಿನ ಬಗ್ಗೆ.

'ಮನೆಯವರು ಪ್ರೀತಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು' ಅಂತ ನಿನ್ನ ಕೊನೆಯ ಸಾಲು. ಇದಕ್ಕೆ ಇನ್ನೊಂದು ಬ್ಯಾಂಡ್, ಸೋಲ್ ಅಸೈಲಮ್‌ನ 'ರನ್‌ಅವೇ ಟ್ರೇನ್' ನೋಡು. ಹಾಡು ಬರೆದ ಡೇವ್ ಪರ್ನರ್‌ಗೆ ಅದು ಖಿನ್ನತೆಯ ಹಾಡು. 1993ರಲ್ಲಿ ನಿರ್ದೇಶಕ ಟೋನಿ ಕೇ ಅದರ ವಿಡಿಯೋದಲ್ಲಿ ನಿಜವಾಗಿ ಕಾಣೆಯಾದ ಮಕ್ಕಳ ಫೋಟೋ, ಹೆಸರು, ಕಾಣೆಯಾದ ವರ್ಷ ಹಾಕಿದ. ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಮಕ್ಕಳ ಫೋಟೋ. ಹಲವರು ಸಿಕ್ಕರು. ಒಂದು ಹಾಡಿನಿಂದ ಇಷ್ಟಾಯಿತಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಆದರೆ ಬ್ಯಾಂಡಿನ ಗಿಟಾರಿಸ್ಟ್ ಡ್ಯಾನ್ ಮರ್ಫಿ ಆಮೇಲೆ ಹೇಳಿದ ಕತೆ ಕೇಳು. ಒಬ್ಬಳು ಹುಡುಗಿ ಅವರಿಗೆ ಸಿಕ್ಕಿ, ನೀವು ನನ್ನ ಬದುಕು ಹಾಳು ಮಾಡಿದಿರಿ ಅಂದಳಂತೆ, ನಗುತ್ತಲೇ. ವಿಡಿಯೋದಿಂದ ಪತ್ತೆಯಾಗಿ ಅವಳು ತಿರುಗಿ ಹೋದದ್ದು ಯಾವ ಮನೆಯಿಂದ ಓಡಿ ಬಂದಿದ್ದಳೋ ಅದೇ ಕೆಟ್ಟ ಮನೆಗೆ. ಹೊರಗಿನಿಂದ ನೋಡಿದವರಿಗೆ ಯಾವ ಮನೆ ಹೇಗಿದೆ ಅಂತ ಗೊತ್ತಾಗುವುದಿಲ್ಲ, ಪುಟ್ಟಿ. ಒಳ್ಳೆಯದು ಅಂದುಕೊಂಡದ್ದೂ ಹಾಗೆ ಇರುವುದಿಲ್ಲ, ಕೆಟ್ಟದ್ದು ಅಂದುಕೊಂಡದ್ದೂ ಇರುವುದಿಲ್ಲ.

ಹಾಗಾದರೆ ಹಾಡು ಬಿಡಬೇಕಾ? ಬೇಡ. ಎರಡನೇ ಚರಣ ತೆಗೆದು ಹಾಕು. ಆ ಜಾಗದಲ್ಲಿ ಕ್ಯಾಂಟೀನು ಬರೆ. ಅವನು ಕೂರುತ್ತಿದ್ದ ಟೇಬಲ್ಲು, ನೀವೆಲ್ಲ ಕೂರುತ್ತಿದ್ದ ಟೇಬಲ್ಲು, ಮಧ್ಯೆ ಎಷ್ಟು ಹೆಜ್ಜೆ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವನ ಬಗ್ಗೆ ಓಡಾಡಿದ ಸ್ಟಿಕರ್ ಬಗ್ಗೆ ನೀನೇ ಒಮ್ಮೆ ನಗುತ್ತಾ ಹೇಳಿದ್ದೆ, ಅದನ್ನು ಬರೆ. ಬರೆಯಲು ಕಷ್ಟ ಆಗುತ್ತದೆ. ಆಗಲಿ. ಮೂರನೇ ಚರಣದಲ್ಲಿ ಅವನು ಎಲ್ಲಿ, ಹೇಗೆ ಹೋದ ಅನ್ನುವ ಎರಡು ಸಾಲು ಇವೆ. ಅವು ಖಂಡಿತ ಬೇಡ. ಅವನ ಹಾಗೇ ನೊಂದವನೊಬ್ಬ ಅರ್ಧರಾತ್ರಿ ಒಬ್ಬನೇ ಆ ಹಾಡು ಕೇಳುತ್ತಿರಬಹುದು, ಅವನಿಗೆ ದಾರಿ ತೋರಿಸಿದ ಹಾಗಾಗುತ್ತದೆ. ವೆಡ್ಡರ್ ಆಗಲೇ ಒಂದು ಸಂದರ್ಶನದಲ್ಲಿ ಇದನ್ನು ಬೇರೆ ರೀತಿ ಹೇಳಿದ್ದ: ಅಷ್ಟು ದೊಡ್ಡ ತ್ಯಾಗ ಮಾಡಿ ಸೇಡು ತೀರಿಸಿಕೊಳ್ಳಲು ಹೊರಟರೆ ಸಿಗುವುದು ಪೇಪರಿನಲ್ಲಿ ಒಂದು ಪ್ಯಾರಾ ಅಷ್ಟೇ, ಬದುಕಿ ತೋರಿಸುವುದೇ ಸರಿಯಾದ ಸೇಡು ಅಂತ. ಈ ಮಾತು ಅವನ ಹಾಡಿನೊಳಗೆ ಕೇಳಿಸುವುದಿಲ್ಲ. ನಿನ್ನದರಲ್ಲಿ ಕೇಳಿಸಿದರೆ ನನಗೆ ಖುಷಿ.

ಅವನ ಹೆಸರನ್ನು ಹಾಡಿಗೆ ಇಡಬೇಡ. ಕಾಲೇಜ್ ಫೆಸ್ಟಿನಲ್ಲಿ ಹಾಡುವ ಮುಂಚೆ ಅವರ ಮನೆಗೆ ಒಂದು ಸಲ ಹೋಗಿ ಬಾ. ಹಾಡು ಕೇಳಿಸಲು ಅಲ್ಲ, ಸುಮ್ನೆ ಕೂತು ಬರಲು. ಒಬ್ಬಳೇ ಹೋಗಲು ಭಯ ಆದರೆ ನಾನು ಬರುತ್ತೇನೆ. ಆ ಹಾಡು ಬೇಡ ಅಂತ ಅವರು ಅಂದರೆ ಒಪ್ಪಿಕೋ. ಫೆಸ್ಟಿಗೆ ಬೇರೆ ಹಾಡು ಸಿಗುತ್ತದೆ.

ಇಷ್ಟು ಹಾಡಿನ ಮಾತು. ಆದರೆ ಕಾಗದ ಬರೆಯಲು ಕೂತದ್ದು ಇದಕ್ಕೊಂದಕ್ಕೇ ಅಲ್ಲ. ನಿನ್ನ ಮೆಸೇಜಿನ ತುದಿಯಲ್ಲಿ, 'ಡ್ರಮ್ಮರ್ ಆವತ್ತಿನಿಂದ ಪ್ರಾಕ್ಟೀಸಿಗೆ ಬರ್ತಿಲ್ಲ, ಫೋನೂ ಎತ್ತಲ್ಲ, ಅದಕ್ಕೇ ಬೀಟ್ಸ್ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೀವಿ' ಅಂತ ಇತ್ತು. ಹೋದವನ ಮೇಲೆ ಮೂರು ಚರಣ ಬರೆದೆ. ಇದ್ದವನ ಮೇಲೆ ಅರ್ಧ ಸಾಲು. ಅವರಿಬ್ಬರೂ ಒಂದೇ ಹಾಸ್ಟೆಲಿನವರು ಅಂತ ಬೇರೆ ಹೇಳಿದ್ದೆ.

ಅವನನ್ನು ಹುಡುಕಿಕೊಂಡು ಹೋಗು. ಇವತ್ತೇ. ಹಾಸ್ಟೆಲಿನೊಳಗೆ ಬಿಡದಿದ್ದರೆ ನಿಮ್ಮ ಗಿಟಾರ್ ಹುಡುಗನನ್ನು ಕಳಿಸಿ ಕೆಳಗೆ ಕರೆಸು. ಬುದ್ಧಿ ಹೇಳಬೇಡ. 'ಅವನನ್ನು ನೋಡಿ ಕಲಿ, ಇವನನ್ನು ನೋಡಿ ಕಲಿ' ಅನ್ನಬೇಡ. ಊಟ ಆಯ್ತಾ, ನಿದ್ದೆ ಬರ್ತಿದೆಯಾ ಅಂತ ಶುರು ಮಾಡು. ಮಾತು ಭಾರ ಅನ್ನಿಸಿದರೆ, ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿಯೇ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಕೇಳಿದವರ ಹತ್ತಿರ ಎಷ್ಟೋ ಜನ ಹೇಳಿಕೊಳ್ಳುತ್ತಾರೆ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದರೂ ವಾರ್ಡನ್‌ಗೆ ಹೇಳು, ಮನೆಯವರಿಗೆ ತಿಳಿಸು. 14416 ಟೆಲಿ ಮಾನಸ್ ನಂಬರು, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀನೇ ಡಯಲ್ ಮಾಡಿ ಅವನ ಕೈಗೆ ಕೊಡು. ಅದಕ್ಕೂ ಮೀರಿದರೆ ಆಟೋ ಹತ್ತಿಸಿ ನಿಮ್ಹಾನ್ಸಿಗೆ ಕರೆದುಕೊಂಡು ಹೋಗಿ, ಅಲ್ಲಿ ರಾತ್ರಿಯೂ ತುರ್ತು ಚಿಕಿತ್ಸೆ ಇದೆ.

ನೀನು ಹೇಗಿದ್ದೀಯ ಅಂತಲೂ ಕೇಳಬೇಕು. ಫೋನಿನಲ್ಲಿ ನಿನ್ನ ದನಿ ಗಟ್ಟಿ ಇರುತ್ತದೆ, ಹಾಡಿನಲ್ಲಿ ಅಷ್ಟಿಲ್ಲ. ಸೋಮವಾರ ಬೆಳಿಗ್ಗೆ ಮೈಸೂರಿನಿಂದ ಮೊದಲ ರೈಲಿಗೇ ಹೊರಡುತ್ತೇನೆ. ನಿಮ್ಮಮ್ಮನಿಗೆ ನಾನು ಬರುವುದು ಹೇಳಿಲ್ಲ, ನೀನೂ ಹೇಳಬೇಡ, ಚಪಾತಿ ಹಿಟ್ಟು ಕಲಸಲು ಶುರು ಮಾಡುತ್ತಾಳೆ. ಡ್ರಮ್ಮರ್ ಹತ್ತಿರ ಹೋಗಿ ಬಂದ ಮೇಲೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡು.

ಇಂತಿ ನಿನ್ನ ಮಾವ