ವಿಪಿಎನ್ ಹಾಕಿದರೂ ಬಯಲಾಗುವ ವಿಳಾಸ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ವಿದ್ಯಾರ್ಥಿಗಳಿಗೆ ನಾನು ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಪರ ಊರುಗಳಿಂದ ಬಂದು ರೂಮು ಮಾಡಿಕೊಂಡಿರುವ ಇವರಲ್ಲಿ ಹಲವರು, ಅದರಲ್ಲೂ ಹೆಣ್ಣುಮಕ್ಕಳು, ತಾವಿರುವ ಜಾಗ ಅಪರಿಚಿತರಿಗೆ ತಿಳಿಯಬಾರದೆಂದು ಬ್ರೌಸರಿಗೆ ವಿಪಿಎನ್ (ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಕಳಿಸಿ ನಿಜವಾದ ವಿಳಾಸ ಮರೆಮಾಡುವ ವ್ಯವಸ್ಥೆ) ಎಕ್ಸ್‌ಟೆನ್ಶನ್ ಹಾಕಿಕೊಂಡಿರುತ್ತಾರೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿಯ ಲ್ಯಾಪ್‌ಟಾಪಿನಲ್ಲಿ ಅದನ್ನು ಪರೀಕ್ಷಿಸಿದೆವು. ಮೂಲೆಯಲ್ಲಿ ಹಸಿರು ಗುರುತಿನ ಜೊತೆ ನೆದರ್‌ಲ್ಯಾಂಡ್ಸ್ ಎಂದಿತ್ತು. ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ತೋರಿಸುವ ಪುಟದ ಮೊದಲ ಸಾಲಿನಲ್ಲೂ ಆ ದೇಶದ್ದೇ ಸಂಖ್ಯೆ ಬಂತು. ಆದರೆ ಕೆಳಗಡೆ, ವೆಬ್‌ಆರ್‌ಟಿಸಿ ಎಂಬ ಸಾಲಿನ ಮುಂದೆ, ನಮ್ಮ ತರಗತಿಯ ಬ್ರಾಡ್‌ಬ್ಯಾಂಡ್ ವಿಳಾಸ ಒಂದಂಕಿಯೂ ತಪ್ಪದೆ ಕಾಣಿಸಿತು. ಆ ಹುಡುಗಿಯ ಮುಖ ಬಾಡಿದ್ದು ಇನ್ನೂ ಕಣ್ಣ ಮುಂದಿದೆ.

ವೆಬ್‌ಆರ್‌ಟಿಸಿ ಎಂಬುದು ಬ್ರೌಸರಿನಿಂದಲೇ ವಿಡಿಯೊ ಕರೆ ಮಾಡಲು ಇರುವ ವ್ಯವಸ್ಥೆ. ಎರಡು ಕಂಪ್ಯೂಟರುಗಳು ನೇರ ಮಾತಾಡಬೇಕಾದರೆ ಒಂದರ ವಿಳಾಸ ಇನ್ನೊಂದಕ್ಕೆ ಗೊತ್ತಿರಬೇಕಾದ್ದರಿಂದ, ಬ್ರೌಸರ್ ‘ಸ್ಟನ್’ ಎಂಬ ಬಗೆಯ ಸರ್ವರನ್ನು ‘ನನ್ನ ವಿಳಾಸ ಹೊರಗೆ ಹೇಗೆ ಕಾಣುತ್ತದೆ’ ಎಂದು ಕೇಳಿ, ಬಂದ ಉತ್ತರವನ್ನು ತೆರೆದಿರುವ ಪುಟದ ಜಾವಾಸ್ಕ್ರಿಪ್ಟಿಗೆ (ಪುಟದೊಳಗೆ ಓಡುವ ಪ್ರೋಗ್ರಾಮಿಗೆ) ಒಪ್ಪಿಸುತ್ತದೆ. ಎಕ್ಸ್‌ಟೆನ್ಶನ್ ರೂಪದ ವಿಪಿಎನ್‌ಗಳಲ್ಲಿ ಬಹಳಷ್ಟು ಕೇವಲ ಪ್ರಾಕ್ಸಿಗಳು, ಅಂದರೆ ಬ್ರೌಸರಿನ ಪರವಾಗಿ ಪುಟ ತಂದುಕೊಡುವ ಮಧ್ಯವರ್ತಿಗಳು. ಅವು ಪುಟಗಳನ್ನಷ್ಟೇ ಸುತ್ತು ದಾರಿಯಲ್ಲಿ ತರುತ್ತವೆ, ಯುಡಿಪಿ ಎಂಬ ಬೇರೆ ಬಗೆಯ ರವಾನೆಯಲ್ಲಿ ಹೋಗುವ ಈ ವಿಳಾಸದ ಪ್ರಶ್ನೆ ನೇರ ದಾರಿ ಹಿಡಿಯುತ್ತದೆ. ಕ್ಯಾಮೆರಾ ಬಳಸಲು ಅನುಮತಿ ಕೇಳುವ ಬ್ರೌಸರ್ ಇದಕ್ಕೆ ಕೇಳುವುದೇ ಇಲ್ಲ ಎಂಬುದು ನನಗೆ ಅತ್ಯಂತ ಅನ್ಯಾಯವೆನಿಸುತ್ತದೆ.

2015ರಲ್ಲೇ ಈ ಸೋರಿಕೆಯನ್ನು ಬಹಿರಂಗವಾಗಿ ತೋರಿಸಲಾಗಿತ್ತು. ಆಮೇಲೆ ಬ್ರೌಸರುಗಳು ಮನೆಯೊಳಗಿನ ಜಾಲದ ವಿಳಾಸವನ್ನು ಮರೆಮಾಡತೊಡಗಿದವಾದರೂ ಹೊರಗಿನ ವಿಳಾಸದ ತೊಂದರೆ ಉಳಿದಿದೆ. ಐಪಿ ವಿಳಾಸದಿಂದ ಯಾರೂ ನೇರ ಮನೆ ಬಾಗಿಲಿಗೆ ಬರಲಾರರು, ನಿಜ. ಆದರೆ ಇಂಟರ್‌ನೆಟ್ ಕಂಪನಿ ಯಾವುದು, ಊರು ಸುಮಾರಾಗಿ ಯಾವುದು ಎಂದು ತಿಳಿಯುತ್ತದೆ, ಬೇರೆ ಬೇರೆ ಹೆಸರಿನ ಖಾತೆಗಳನ್ನು ಒಬ್ಬರವೇ ಎಂದು ಊಹಿಸಲು ಸುಳಿವೂ ಸಿಗುತ್ತದೆ. ಬೆನ್ನು ಹತ್ತಿದವನಿಂದ ತಪ್ಪಿಸಿಕೊಳ್ಳುತ್ತಿರುವ ಹುಡುಗಿಗೆ ಇದು ಸಣ್ಣ ಮಾತಲ್ಲ.

ಫೈರ್‌ಫಾಕ್ಸ್‌ನಲ್ಲಿ ‘ಮೀಡಿಯಾ.ಪಿಯರ್‌ಕನೆಕ್ಷನ್.ಎನೇಬಲ್ಡ್’ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಸೋರಿಕೆ ನಿಲ್ಲುತ್ತದೆ, ಆ ಬ್ರೌಸರಿನಲ್ಲಿ ವಿಡಿಯೊ ಕರೆಯೂ ನಿಲ್ಲುತ್ತದೆ. ಬ್ರೇವ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಆಯ್ಕೆಯಿದೆ. ಇಡೀ ಕಂಪ್ಯೂಟರಿಗೆ ಅನ್ವಯಿಸುವ ವಿಪಿಎನ್ ಹೆಚ್ಚು ಭದ್ರವಾದರೂ, ಅದು ಐಪಿವಿ6 (ಐಪಿ ವಿಳಾಸದ ಹೊಸ ಬಗೆ) ಸಂಪರ್ಕವನ್ನು ಹೊರಗುಳಿಸಿದರೆ ಅಲ್ಲಿಂದಲೂ ವಿಳಾಸ ಹೊರಬೀಳುತ್ತದೆ.

‘ವಿಪಿಎನ್ ಹಾಕಿಕೊಳ್ಳಿ’ ಎಂದು ಸಲಹೆ ನೀಡುವ ತರಬೇತಿ ಕೇಂದ್ರದವರು, ಕಂಪ್ಯೂಟರ್ ಅಂಗಡಿಯವರು ಅದನ್ನು ಆನ್ ಮಾಡುವ ಮುನ್ನ ಒಮ್ಮೆ, ಮಾಡಿದ ಮೇಲೆ ಒಮ್ಮೆ ವಿಳಾಸ ಹೋಲಿಸಿ ತೋರಿಸಿಯೇ ಕಳಿಸಬೇಕು. ತಮ್ಮ ಪತ್ರಿಕೆಯೂ ಈ ಪರೀಕ್ಷೆಯ ವಿಧಾನವನ್ನು ಚಿತ್ರಸಮೇತ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಕಂಪ್ಯೂಟರ್ ಶಿಕ್ಷಕ, ಸಪ್ತಾಪುರ, ಧಾರವಾಡ